ಚಿಕ್ಕ ದೋಣಿಯಲ್ಲಿ ಎರಡು ಬ್ಯಾಟರಿ: ಎಂಜಿನ್ ಓಡಿದರೂ ಎರಡನೆಯದು ತುಂಬುತ್ತಿಲ್ಲ

ಅಲೆಗಾರ

ಎಲ್ಲರಿಗೂ ನಮಸ್ಕಾರ. ನನ್ನದು 18 ಅಡಿಯ ಫೈಬರ್ ದೋಣಿ, 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಬ್ಯಾಟರಿ ಎರಡಿವೆ. ಒಂದು ಸೆಲ್ಫ್ ಹೊಡೆಯಲು. ಇನ್ನೊಂದು 100 ಆಂಪಿಯರ್-ಅವರ್‌ನ ಡೀಪ್ ಸೈಕಲ್ (ನಿಧಾನವಾಗಿ ಬಹಳಷ್ಟು ಖಾಲಿ ಮಾಡಿ ಮತ್ತೆ ತುಂಬಿಸುವ ಬಗೆ), ಉಳಿದ ಸಾಮಾನುಗಳಿಗೆ; ಇದೇ ಹೌಸ್ ಬ್ಯಾಟರಿ. ಫಿಶ್‌ಫೈಂಡರ್, ವಿಎಚ್‌ಎಫ್ ರೇಡಿಯೊ, ದೀಪ, ಮೀನಿನ ತೊಟ್ಟಿಗೆ ನೀರು ಹಾಯಿಸುವ ಪಂಪ್ ಎಲ್ಲ ಅದರ ಮೇಲೆಯೇ. ಎರಡೂ ನೀರು ಹಾಕುವ ಲೆಡ್-ಆಸಿಡ್ ಬ್ಯಾಟರಿ. ನಡುವೆ 1-2-ಬೋತ್-ಆಫ್ ಸ್ವಿಚ್ ಇದೆ: 1ರಲ್ಲಿ ಸೆಲ್ಫ್ ಬ್ಯಾಟರಿ, 2ರಲ್ಲಿ ಹೌಸ್ ಬ್ಯಾಟರಿ, ಬೋತ್‌ನಲ್ಲಿ ಎರಡೂ.

ಸೆಲ್ಫ್ ಬ್ಯಾಟರಿ ಯಾವಾಗಲೂ ಚೆನ್ನಾಗಿರುತ್ತದೆ. ಹೌಸ್ ಬ್ಯಾಟರಿಯದೇ ತಕರಾರು. ದಿನವಿಡೀ ನೀರಿನಲ್ಲಿದ್ದು, ಬರುವಾಗ ಸ್ವಿಚ್ ಬೋತ್‌ನಲ್ಲಿಟ್ಟು ಎಂಜಿನ್ ಓಡಿಸಿಕೊಂಡು ಬಂದರೂ ಮರುದಿನ ನೋಡಿದರೆ 12.2 ವೋಲ್ಟ್. ಕೈಪಿಡಿಯಲ್ಲಿ ಎಂಜಿನ್ 15 ಆಂಪ್ಸ್ ಕೊಡುತ್ತದೆ ಅಂತ ಬರೆದಿದ್ದಾರೆ. ಹಾಗಾದರೆ ಅದೆಲ್ಲ ಎಲ್ಲಿ ಹೋಗುತ್ತಿದೆ? ವಿಎಸ್‌ಆರ್ ಅನ್ನುವ ರಿಲೇ ಹಾಕಿಸಿದರೆ ಸರಿಹೋಗುತ್ತದಾ, ಇಲ್ಲಾ ಬ್ಯಾಟರಿಯನ್ನೇ ಬದಲಿಸಬೇಕಾ?

ಲಂಗರು

ಏನೂ ಹಾಕಿಸಬೇಡಿ. ಸ್ವಿಚ್ ಬಳಸುವುದನ್ನು ರೂಢಿ ಮಾಡಿಕೊಳ್ಳಿ, ಸಾಕು. ಹೊರಡುವಾಗ 1ರಲ್ಲಿ ಸ್ಟಾರ್ಟ್ ಮಾಡಿ. ದೋಣಿ ನಿಲ್ಲಿಸಿದಾಗ 2ಕ್ಕೆ ಹಾಕಿ. ವಾಪಸ್ ಹೊರಡಲು ಮತ್ತೆ 1ರಲ್ಲಿ ಸ್ಟಾರ್ಟ್ ಮಾಡಿ, ಆಮೇಲೆ ಬೋತ್‌ಗೆ ತಿರುಗಿಸಿ. ಎಂಜಿನ್ ಓಡುವಾಗ ಮಾತ್ರ ಆಫ್ ದಾಟಿಕೊಂಡು ತಿರುಗಿಸಬೇಡಿ. ಹಾಗೆ ಮಾಡಿದರೆ ಚಾರ್ಜಿಂಗ್ ಕರೆಂಟ್‌ಗೆ ಹೋಗಲು ದಾರಿ ಇರುವುದಿಲ್ಲ, ವೋಲ್ಟೇಜ್ ಒಮ್ಮೆಲೇ ಜಿಗಿದು ಎಂಜಿನ್‌ನ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನ ಡಯೋಡ್ ಸುಟ್ಟುಹೋಗಬಹುದು.

ತಂತಿಪೆಟ್ಟಿಗೆ

ಲಂಗರು ಅಣ್ಣ, ನೀವು ಹೇಳಿದ ಕ್ರಮ ಸರಿ. ಆದರೆ ಮನುಷ್ಯನಿಗೆ ಮರೆವು ಅಂತ ಒಂದಿದೆಯಲ್ಲ! ಬೋತ್‌ನಲ್ಲಿಟ್ಟು ಎಂಜಿನ್ ನಿಲ್ಲಿಸಿ, ಲಂಗರು ಹಾಕಿ, ಪಂಪ್ ಓಡಿಸುತ್ತಾ ಸಂಜೆವರೆಗೆ ಕೂತರೆ ಎರಡೂ ಬ್ಯಾಟರಿ ಒಟ್ಟಿಗೆ ಮಲಗುತ್ತವೆ. ಎರಡು ಇಟ್ಟುಕೊಂಡೂ ಒಂದೇ ಇದ್ದ ಹಾಗೆ.

ವಿಎಸ್‌ಆರ್ ಅಂದರೆ ವೋಲ್ಟೇಜ್ ನೋಡಿ ತಾನೇ ಕೂಡಿಸುವ, ತಾನೇ ಬಿಡಿಸುವ ರಿಲೇ. ಎಂಜಿನ್ ಓಡಿ ಸ್ಟಾರ್ಟಿಂಗ್ ಬ್ಯಾಟರಿ 13.3 ವೋಲ್ಟ್ ಆಸುಪಾಸು ಮುಟ್ಟಿದಾಗ ಎರಡನ್ನೂ ಸೇರಿಸುತ್ತದೆ. ಎಂಜಿನ್ ನಿಂತು 12.8ರ ಹತ್ತಿರ ಇಳಿದಾಗ ಬೇರೆ ಮಾಡುತ್ತದೆ. ನೀವು ಸ್ವಿಚ್ ಮುಟ್ಟುವುದೇ ಬೇಡ. ಡಯೋಡ್ ಬಳಸಿ ಎರಡು ಬ್ಯಾಟರಿಯನ್ನು ಬೇರೆ ಇಡುವ ಹಳೇ ಕಾಲದ ಡಯೋಡ್ ಐಸೊಲೇಟರ್ ಮಾತ್ರ ಬೇಡ. ಅದು ಮಧ್ಯದಲ್ಲಿ 0.6–0.7 ವೋಲ್ಟ್ ನುಂಗುತ್ತದೆ. 14.3 ಬರುತ್ತಿದ್ದರೆ ಬ್ಯಾಟರಿಗೆ ಸಿಗುವುದು 13.6. ಲೆಡ್-ಆಸಿಡ್‌ಗೆ ಅದು ಎಲ್ಲಿಗೂ ಸಾಲದು.

ಲಂಗರು

ಉಪ್ಪುಗಾಳಿಯಲ್ಲಿ ಕೆಡಲಿಕ್ಕೆ ಇನ್ನೊಂದು ಡಬ್ಬಿ.

ಚುಕ್ಕಾಣಿ

ಸ್ವಿಚ್ಚೋ ರಿಲೇಯೋ ಅನ್ನುವ ಜಗಳ ಆಮೇಲೆ ಆಡೋಣ. ಇಲ್ಲಿ ಯಾರೂ ಲೆಕ್ಕ ಹಾಕಿಲ್ಲ.

ಮೊದಲು ಸೆಲ್ಫ್ ಹೊಡೆಯುವ ಲೆಕ್ಕ. ಸ್ಟಾರ್ಟರ್ 150 ಆಂಪ್ಸ್ ಎಳೆಯಿತು ಅನ್ನಿ, 3 ಸೆಕೆಂಡ್. ಬ್ಯಾಟರಿಯಿಂದ ಹೋದದ್ದು 0.13 ಆಂಪಿಯರ್-ಅವರ್, ಅಷ್ಟೇ. ಎಂಜಿನ್ ಓಡಿದ ಸ್ವಲ್ಪ ಹೊತ್ತಿಗೇ ಅದು ವಾಪಸ್ ಬಂದಿರುತ್ತದೆ. ಹಾಗಾಗಿ ಸ್ಟಾರ್ಟಿಂಗ್ ಬ್ಯಾಟರಿ ಯಾವಾಗಲೂ ಚೆನ್ನಾಗಿ ಕಾಣುವುದರಲ್ಲಿ ಆಶ್ಚರ್ಯ ಇಲ್ಲ.

ಈಗ ಹೌಸ್ ಬ್ಯಾಟರಿ. ಫಿಶ್‌ಫೈಂಡರ್ 1.5 ಆಂಪ್ಸ್, ರೇಡಿಯೊ ಸುಮ್ನೆ ಕೇಳಿಸಿಕೊಳ್ಳುತ್ತಿದ್ದರೆ ಅರ್ಧ ಆಂಪ್, ತೊಟ್ಟಿಯ ಪಂಪ್ 3 ಆಂಪ್ಸ್ ಅಂತಿಟ್ಟುಕೊಳ್ಳಿ. ಒಟ್ಟು 5. ಎಂಟು ಗಂಟೆಗೆ 40 ಆಂಪಿಯರ್-ಅವರ್.

ಎಂಜಿನ್ ಕೊಡುವ 15 ಆಂಪ್ಸ್ ಪೂರ್ತಿ ವೇಗದಲ್ಲಿದ್ದಾಗಿನ ಮಾತು. ಐಡಲ್‌ನಲ್ಲಿ, ಅಂದರೆ ಎಂಜಿನ್ ತೀರಾ ನಿಧಾನವಾಗಿ ಓಡುವಾಗ, ಅದರ ಸ್ವಲ್ಪ ಭಾಗ ಮಾತ್ರ ಬರುತ್ತದೆ. ಪೂರ್ತಿ ವೇಗದಲ್ಲೂ ಆ 15ರಲ್ಲಿ 5 ಈ ಸಾಮಾನುಗಳಿಗೇ ಹೋಗುತ್ತದೆ. ಬ್ಯಾಟರಿಗೆ ಉಳಿಯುವುದು 10. ಬೆಳಿಗ್ಗೆ ಹೋಗುವಾಗಿನ ಓಟದಲ್ಲಿ ಬ್ಯಾಟರಿ ಇನ್ನೂ ಖಾಲಿಯೇ ಆಗಿರುವುದಿಲ್ಲ, ಆ ಓಟ ಲೆಕ್ಕಕ್ಕಿಲ್ಲ. ಸಂಜೆ ಬರುವ ಒಂದು ಗಂಟೆಯಲ್ಲಿ 10 ಆಂಪಿಯರ್-ಅವರ್ ಒಳಗೆ ಹೋದರೆ ಅದೇ ಹೆಚ್ಚು. 40 ತೆಗೆದು 10 ಹಾಕಿದಿರಿ. ಉಳಿದ 30 ಯಾವ ಸ್ವಿಚ್‌ನಿಂದಲೂ ಬರುವುದಿಲ್ಲ, ಯಾವ ರಿಲೇಯಿಂದಲೂ ಬರುವುದಿಲ್ಲ.

ಅದರ ಜೊತೆ ಇನ್ನೊಂದು ವಿಷಯ. ಲೆಡ್-ಆಸಿಡ್ ಬ್ಯಾಟರಿ 80 ಪರ್ಸೆಂಟ್‌ವರೆಗೆ ಬೇಗ ತುಂಬುತ್ತದೆ. ಕೊನೆಯ 20 ಪರ್ಸೆಂಟ್ ನಿಧಾನವಾಗಿಯೇ ಹೀರಿಕೊಳ್ಳುತ್ತದೆ, ಅದಕ್ಕೇ ನಾಲ್ಕೈದು ಗಂಟೆ ಬೇಕು. ನೀವು ಎಷ್ಟು ದೊಡ್ಡ ಎಂಜಿನ್ ಹಾಕಿದರೂ ಆ ಭಾಗ ಬೇಗ ಆಗುವುದಿಲ್ಲ. ಪ್ರತಿ ಸಲ ಅರೆಬರೆ ತುಂಬಿ ಬಿಟ್ಟರೆ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ. ಆಮೇಲೆ 100ರ ಬ್ಯಾಟರಿ 60ರ ಬ್ಯಾಟರಿ ಆಗುತ್ತದೆ. ಅಲೆಗಾರ ಅವರೇ, ದಡಕ್ಕೆ ಬಂದ ಮೇಲೆ ಚಾರ್ಜರ್ ಹಾಕುತ್ತೀರಾ ಇಲ್ಲವಾ? ಅದನ್ನು ನೀವು ಹೇಳಲೇ ಇಲ್ಲ.

ಅಲೆಗಾರ

ಇಲ್ಲ ಸರ್, ಚಾರ್ಜರ್ ಹಾಕುವುದಿಲ್ಲ. ಎಂಜಿನ್ ಇದೆಯಲ್ಲ ಅಂತ.

ಮೀಟರ್ ಹಿಡಿದು ನೋಡಿದೆ. ಎಂಜಿನ್ 3000 ಆರ್‌ಪಿಎಂ, ಸ್ವಿಚ್ ಬೋತ್‌ನಲ್ಲಿ. ಸ್ಟಾರ್ಟಿಂಗ್ ಬ್ಯಾಟರಿಯ ಮೇಲೆ 14.3. ಹೌಸ್ ಬ್ಯಾಟರಿಯ ಮೇಲೆ 13.4. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿದರೆ ಹೌಸ್ ಬ್ಯಾಟರಿಗೆ ಹೋಗುತ್ತಿರುವುದು 3 ಆಂಪ್ಸ್ ಮಾತ್ರ. ಬೋತ್ ಅಂದರೆ ಎರಡೂ ಒಂದೇ ವೋಲ್ಟೇಜ್ ತೋರಿಸಬೇಕು ಅಲ್ವಾ?

ತಂತಿಪೆಟ್ಟಿಗೆ

ತೋರಿಸಬೇಕು. ಹೆಚ್ಚೆಂದರೆ 0.1 ವ್ಯತ್ಯಾಸ ಇರಬಹುದು. 0.9 ವೋಲ್ಟ್ ದಾರಿಯಲ್ಲಿ ಎಲ್ಲೋ ಬಿಸಿಯಾಗಿ ಹೋಗುತ್ತಿದೆ. ಹುಡುಕುವುದು ಸುಲಭ, ಏನನ್ನೂ ಬಿಚ್ಚಬೇಡಿ.

ಎಂಜಿನ್ ಓಡುತ್ತಿರಲಿ, ಕರೆಂಟ್ ಹರಿಯುತ್ತಿರಲಿ. ಮೀಟರ್ ಡಿಸಿ ವೋಲ್ಟ್‌ನಲ್ಲಿಡಿ. ಒಂದು ಪ್ರೋಬ್ ಹೌಸ್ ಬ್ಯಾಟರಿಯ ಪಾಸಿಟಿವ್ ಸೀಸದ ಪೋಸ್ಟ್ ಮೇಲೆ ಒತ್ತಿ. ಲಗ್ (ತಂತಿಯ ತುದಿಯ ಲೋಹದ ಬಳೆ) ಮೇಲೆ ಅಲ್ಲ, ಪೋಸ್ಟ್ ಮೇಲೇ. ಇನ್ನೊಂದು ಪ್ರೋಬ್ ಸ್ಟಾರ್ಟಿಂಗ್ ಬ್ಯಾಟರಿಯ ಪಾಸಿಟಿವ್ ಪೋಸ್ಟ್ ಮೇಲೆ. ಎಷ್ಟು ಬರುತ್ತದೋ ಅಷ್ಟು ಆ ದಾರಿಯ ನಷ್ಟ. ಅದೇ ರೀತಿ ನೆಗೆಟಿವ್‌ನಿಂದ ನೆಗೆಟಿವ್‌ಗೆ. ಯಾವ ಕಡೆ ಜಾಸ್ತಿ ಇದೆ ಅಂತ ಗೊತ್ತಾದ ಮೇಲೆ ಪ್ರೋಬನ್ನು ಒಂದೊಂದೇ ಜೋಡಣೆ ದಾಟಿಸುತ್ತಾ ಹೋಗಿ. ಪೋಸ್ಟ್‌ನಿಂದ ಲಗ್, ಲಗ್‌ನಿಂದ ತಂತಿ, ತಂತಿಯಿಂದ ಆ ಕಡೆಯ ಲಗ್. ಅಂಕಿ ಎಲ್ಲಿ ಜಿಗಿಯುತ್ತದೋ ಅಲ್ಲೇ ಕಳ್ಳ.

ಎಲ್ಲರೂ ಪಾಸಿಟಿವ್ ಕಡೆ ಮಾತ್ರ ನೋಡುತ್ತಾರೆ. ನೆಗೆಟಿವ್ ಮರೆಯಬೇಡಿ. ಎರಡು ಬ್ಯಾಟರಿಯ ನೆಗೆಟಿವ್‌ಗಳು ಒಂದಕ್ಕೊಂದು ದಪ್ಪ ತಂತಿಯಿಂದ ಸೇರಿರಲೇಬೇಕು. ಸ್ವಿಚ್‌ ಆಗಲಿ ವಿಎಸ್‌ಆರ್‌ ಆಗಲಿ ಕೂಡಿಸುವುದು ಪಾಸಿಟಿವ್‌ಗಳನ್ನು ಮಾತ್ರ.

ಹೊಸಹುಟ್ಟು

ಓದುತ್ತಾ ಕೂತಿದ್ದೇನೆ. ಒಂದು ಸಣ್ಣ ಪ್ರಶ್ನೆ. 12.2 ಅಂದರೆ ಅಷ್ಟೊಂದು ಕಡಿಮೆಯಾ? 12 ವೋಲ್ಟ್ ಬ್ಯಾಟರಿ ತಾನೇ?

ಚುಕ್ಕಾಣಿ

ಹೆಸರಿಗೆ 12. ಲೆಡ್-ಆಸಿಡ್ ಪೂರ್ತಿ ತುಂಬಿ, ಕೆಲವು ಗಂಟೆ ಸುಮ್ಮನೆ ಬಿಟ್ಟ ಮೇಲೆ 12.6ರಿಂದ 12.7 ತೋರಿಸಬೇಕು. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 11.9ಕ್ಕೆ ಬಂದರೆ ಹೆಚ್ಚುಕಡಿಮೆ ಖಾಲಿ. ಅರ್ಧಕ್ಕಿಂತ ಕೆಳಗೆ ಇಳಿಸದೇ ಇದ್ದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಚಾರ್ಜ್ ಮಾಡಿ ತೆಗೆದ ತಕ್ಷಣ ನೋಡಿದರೆ 13 ಕಾಣಿಸುತ್ತದೆ. ಅದನ್ನು ನಂಬಬೇಡಿ, ಅದು ಮೇಲ್ಮೇಲಿನ ಚಾರ್ಜ್.

ಅಲೆಗಾರ

ಸಿಕ್ಕಿತು! ಪಾಸಿಟಿವ್‌ನಿಂದ ಪಾಸಿಟಿವ್‌ಗೆ 0.1. ನೆಗೆಟಿವ್‌ನಿಂದ ನೆಗೆಟಿವ್‌ಗೆ 0.8. ತಂತಿಪೆಟ್ಟಿಗೆಯವರು ಹೇಳಿದ ಹಾಗೆ ಪ್ರೋಬ್ ದಾಟಿಸುತ್ತಾ ಹೋದೆ. ಪೋಸ್ಟ್‌ನಿಂದ ಲಗ್‌ಗೆ ಏನೂ ಇಲ್ಲ. ಲಗ್‌ನಿಂದ ತಂತಿಗೆ ಪ್ರೋಬ್ ಚುಚ್ಚಿದ ಕೂಡಲೇ 0.7 ಅಂತ ಬಂತು.

ಹೊರಗಿನಿಂದ ಲಗ್ ಲಕಲಕ ಹೊಳೆಯುತ್ತಿತ್ತು. ಎಂಜಿನ್ ನಿಲ್ಲಿಸಿ, ತಂತಿ ಬಿಚ್ಚಿ, ಮೇಲಿನ ಕಪ್ಪು ಸ್ಲೀವನ್ನು ಬ್ಲೇಡ್‌ನಲ್ಲಿ ಸೀಳಿದೆ. ಒಳಗೆ ಹಸಿರು ಕಿಲುಬು, ಪುಡಿಪುಡಿ. ತಂತಿಯ ಎಳೆಗಳು ಕಪ್ಪಾಗಿದ್ದವು. ಬೆರಳಲ್ಲಿ ಹಿಡಿದು ಬಗ್ಗಿಸಿದರೆ ಒಂದೊಂದೇ ಎಳೆ ಮುರಿದು ಬಂತು. ಗೇಣುದ್ದ ಹಿಂದಕ್ಕೆ ಕತ್ತರಿಸಿದರೂ ತಾಮ್ರ ಕಪ್ಪೇ ಇತ್ತು. ತಂತಿಯನ್ನೇ ಪೂರ್ತಿ ಬದಲಿಸಿದೆ.

ಈಗ ಸ್ಟಾರ್ಟಿಂಗ್ ಬ್ಯಾಟರಿ 13.9, ಹೌಸ್ 13.8. ಕ್ಲಾಂಪ್ ಮೀಟರ್‌ನಲ್ಲಿ 9 ಆಂಪ್ಸ್. ಆದರೆ ಮೊದಲು 14.3 ಇದ್ದದ್ದು 13.9ಕ್ಕೆ ಇಳಿದಿದೆಯಲ್ಲ, ಅದೇನು?

ತಂತಿಪೆಟ್ಟಿಗೆ

ಅದು ಒಳ್ಳೆಯ ಲಕ್ಷಣ. ಇಲ್ಲಿವರೆಗೆ ಎಂಜಿನ್‌ಗೆ ಹೌಸ್ ಬ್ಯಾಟರಿ ಕಾಣುತ್ತಲೇ ಇರಲಿಲ್ಲ. ತುಂಬಿದ ಸ್ಟಾರ್ಟಿಂಗ್ ಬ್ಯಾಟರಿಯನ್ನು ನೋಡಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಿತ್ತು. ಈಗ ಹಸಿದ ಬ್ಯಾಟರಿ ಕರೆಂಟ್ ಎಳೆಯುತ್ತಿದೆ, ಅದಕ್ಕೆ ವೋಲ್ಟೇಜ್ ಸ್ವಲ್ಪ ಕುಗ್ಗಿದೆ. ಬ್ಯಾಟರಿ ತುಂಬುತ್ತಾ ಬಂದ ಹಾಗೆ ತಾನೇ ಮೇಲೇರುತ್ತದೆ.

ಹೊಸ ತಂತಿ ತವರ ಲೇಪಿಸಿದ ತಾಮ್ರದ್ದೇ ತಾನೇ? ಸಾದಾ ತಾಮ್ರ ಆಗಿದ್ದರೆ ಮತ್ತೆ ಇದೇ ಕಥೆ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ, ಬಿಸಿ ಮಾಡಿದಾಗ ಅಂಟು ತುದಿಯಲ್ಲಿ ಸ್ವಲ್ಪ ಉಕ್ಕಿ ಬರಬೇಕು. ಆಗಷ್ಟೇ ನೀರು ಒಳಗೆ ಏರುವುದಿಲ್ಲ. ಬ್ಯಾಟರಿ ಮೇಲಿನ ರೆಕ್ಕೆ ನಟ್ಟುಗಳನ್ನೂ ತೆಗೆದುಹಾಕಿ. ಅಲೆಯ ಅದುರುವಿಕೆಗೆ ಸಡಿಲ ಆಗುತ್ತವೆ. ಸಾದಾ ನಟ್ಟು, ಲಾಕ್ ವಾಷರ್ ಹಾಕಿ ಸ್ಪ್ಯಾನರ್‌ನಲ್ಲಿ ಬಿಗಿಯಿರಿ.

ಲಂಗರು

ನೋಡಿದಿರಾ, ಸ್ವಿಚ್ ಸರಿಯಾಗಿಯೇ ಇತ್ತು.

ಚುಕ್ಕಾಣಿ

ಸ್ವಿಚ್ ಸರಿ ಇತ್ತು, ತಂತಿಯೂ ಈಗ ಸರಿ. ಆದರೂ ನನ್ನ ಲೆಕ್ಕದ 30 ಆಂಪಿಯರ್-ಅವರ್ ಹಾಗೇ ಬಾಕಿ ಇದೆ. ತಂತಿ ಹೊಸದಾದ ಮೇಲೆ ಸಂಜೆಯ ಓಟದಲ್ಲಿ 3ರ ಬದಲು 9 ಹೋಗುತ್ತದೆ, ಅಷ್ಟೇ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಒಂದು ತಂದು ನೋಡಿ ಅಲೆಗಾರ ಅವರೇ. ವೋಲ್ಟೇಜ್ ಸುಳ್ಳು ಹೇಳಬಹುದು, ಆಸಿಡ್ ಹೇಳುವುದಿಲ್ಲ.

ಅಲೆಗಾರ

ಚುಕ್ಕಾಣಿ ಸರ್, ನೋಡಿದೆ. ತಂತಿ ಬದಲಿಸಿದ ಮೇಲೆ ಒಂದು ಇಡೀ ದಿನ ನೀರಿನಲ್ಲಿದ್ದು ಬಂದು ಮರುದಿನ ತೆಗೆದ ರೀಡಿಂಗ್: ಐದು ಸೆಲ್ 1.215ರ ಹತ್ತಿರ, ಒಂದು 1.205. ಆಮೇಲೆ ಗೆಳೆಯರೊಬ್ಬರ ಮೂರು ಹಂತದ ಚಾರ್ಜರ್ ತಂದು ರಾತ್ರಿಯಿಡೀ ಹಾಕಿದೆ. ಬೆಳಿಗ್ಗೆ ಐದು ಸೆಲ್ 1.260, ಆರನೆಯದು 1.250.

ಚುಕ್ಕಾಣಿ

ಅಲ್ಲಿಗೆ ಉತ್ತರ ಸಿಕ್ಕಿತು. ತುಂಬಿದ ಬ್ಯಾಟರಿಗೆ 1.265 ಇರಬೇಕು. ಇನ್ನೊಂದು ಸಲ ಹಾಕಿದರೆ ಬಹುಶಃ ಪೂರ್ತಿ ಬರುತ್ತದೆ. ಆರನೇ ಸೆಲ್ ಸ್ವಲ್ಪ ಹಿಂದಿದೆ, ಆದರೆ ಹೆದರಬೇಕಾಗಿಲ್ಲ. ಸೆಲ್‌ಗಳ ನಡುವೆ 0.050 ವ್ಯತ್ಯಾಸ ಬಂದರೆ ಆಗ ಆ ಬ್ಯಾಟರಿಯ ಮೇಲೆ ಭರವಸೆ ಬಿಡಬೇಕು.

ದೋಣಿಯಲ್ಲೇ ಕೂರಿಸುವ ಎರಡು ಔಟ್‌ಪುಟ್‌ನ ಚಾರ್ಜರ್ ಹಾಕಿಸಿ. ಒಂದೊಂದು ಬ್ಯಾಟರಿಗೆ ಒಂದೊಂದು ಜೋಡಿ ತಂತಿ. ಒಂದು ತುಂಬಿದ್ದರೂ ಇನ್ನೊಂದು ತನ್ನ ಪಾಡಿಗೆ ತುಂಬಿಕೊಳ್ಳುತ್ತಿರುತ್ತದೆ. ದಡಕ್ಕೆ ಬಂದ ಕೂಡಲೇ ಪ್ಲಗ್ ಹಾಕಿ ಹೋಗಿ. ನಾಳೆ ಹಾಕಿದರಾಯಿತು ಅನ್ನಬೇಡಿ. ಅರ್ಧ ಖಾಲಿಯಾಗಿ ಕೂತಿರುವ ಹೊತ್ತಿನಲ್ಲೇ ಸಲ್ಫೇಟ್ ಗಟ್ಟಿಯಾಗುವುದು.

ಚಾರ್ಜರ್‌ನಲ್ಲಿ ಬ್ಯಾಟರಿ ಬಗೆ ಆರಿಸುವ ಗುಂಡಿ ಇರುತ್ತದೆ, ಸರಿಯಾದದ್ದನ್ನು ಒತ್ತಿ. ನೀರು ಹಾಕುವ ಬ್ಯಾಟರಿಗೆ 14.4ರಿಂದ 14.8 ವೋಲ್ಟ್‌ವರೆಗೆ ಬೇಕು. ತುಂಬಿದ ಮೇಲೆ ಫ್ಲೋಟ್‌ನಲ್ಲಿ, ಅಂದರೆ ತುಂಬಿದ್ದನ್ನು ಹಾಗೇ ಉಳಿಸುವ ಹಂತದಲ್ಲಿ, 13.5ರ ಆಸುಪಾಸು. ಜೆಲ್ ಬ್ಯಾಟರಿಗೆ ಇದೇ ವೋಲ್ಟೇಜ್ ಕೊಟ್ಟರೆ ಜೆಲ್ ಒಳಗೆ ಗುಳ್ಳೆ ಎದ್ದು ಹಾಗೇ ಉಳಿಯುತ್ತದೆ, ಮತ್ತೆ ಸರಿಯಾಗುವುದಿಲ್ಲ. ಬಿಸಿಲಿಗೆ ಕಾದ ಪೆಟ್ಟಿಗೆಯೊಳಗೆ ಬ್ಯಾಟರಿ 40 ಡಿಗ್ರಿ ಮುಟ್ಟಿದ್ದರೆ ವೋಲ್ಟೇಜ್ 0.3ರಷ್ಟು ಕಡಿಮೆ ಬೇಕು. ಉಷ್ಣತೆ ನೋಡುವ ಸೆನ್ಸರ್ ಇರುವ ಚಾರ್ಜರ್ ಆದರೆ ಅದು ತಾನೇ ನೋಡಿಕೊಳ್ಳುತ್ತದೆ. ಆ ಸೆನ್ಸರ್‌ಗೆ ಸ್ವಲ್ಪ ಜಾಸ್ತಿ ಖರ್ಚು ಮಾಡಿದರೂ ನಷ್ಟ ಇಲ್ಲ ಅಂತ ನನ್ನ ಅನಿಸಿಕೆ.

ನೀರುಕೋಳಿ

ಚಾರ್ಜ್ ಮಾಡುವಾಗಿನ ಜಾಗ್ರತೆಯ ಬಗ್ಗೆ ಯಾರೂ ಹೇಳಿಲ್ಲ, ನಾನು ಸೇರಿಸುತ್ತೇನೆ. ತುಂಬುತ್ತಾ ಬಂದ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ 4 ಪರ್ಸೆಂಟ್ ಸೇರಿದರೂ ಕಿಡಿ ತಗುಲಿದರೆ ಸಿಡಿಯುತ್ತದೆ. ಬ್ಯಾಟರಿ ಇರುವ ಜಾಗದ ಮುಚ್ಚಳ ತೆರೆದಿಡಿ. ಕ್ಲಿಪ್ ಹಾಕುವ ಚಾರ್ಜರ್ ಆದರೆ ಮೊದಲು ಚಾರ್ಜರ್ ಆಫ್ ಮಾಡಿ, ಆಮೇಲೆ ಕ್ಲಿಪ್ ತೆಗೆಯಿರಿ. ಕಣ್ಣಿಗೆ ಕನ್ನಡಕ ಇರಲಿ.

ನೀರು ಹಾಕುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಆಸಿಡ್ ಹಿಗ್ಗಿ ಹೊರಗೆ ಉಕ್ಕುತ್ತದೆ. ಪ್ಲೇಟ್ ಬರಿದಾಗಿ ಕಾಣುತ್ತಿದ್ದರೆ ಮಾತ್ರ ಮುಳುಗುವಷ್ಟು ಮೊದಲೇ ಹಾಕಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆಯಬಹುದು. ಸೆಲ್‌ನ ಮುಚ್ಚಳ ಬಿಗಿಯಾಗಿರಬೇಕು. ಸೋಡಾ ಒಳಗೆ ಇಳಿದರೆ ಆಸಿಡ್ ಕೆಡುತ್ತದೆ.

ಹೊಸಹುಟ್ಟು

ಇಷ್ಟೆಲ್ಲ ರಗಳೆ ಯಾಕೆ, ಹೌಸ್ ಬ್ಯಾಟರಿಗೆ ಲಿಥಿಯಂ ಹಾಕಿದರೆ ಆಯಿತಲ್ಲ? ನೀರು ಬೇಡ, ಸಲ್ಫೇಟ್ ಇಲ್ಲ, ಅರ್ಧ ತೂಕ.

ತಂತಿಪೆಟ್ಟಿಗೆ

ಬ್ಯಾಟರಿ ಒಳ್ಳೆಯದೇ. ಹಳೇ ಜೋಡಣೆಗೆ ಹಾಗೇ ತಗುಲಿಸುವುದು ಒಳ್ಳೆಯದಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಸುಮ್ಮನೆ ಕೂತಾಗಲೂ 13.3 ತೋರಿಸುತ್ತದೆ. ವಿಎಸ್‌ಆರ್ ಬಿಡಿಸಬೇಕಾದದ್ದು 12.8ಕ್ಕೆ. ಅಂದರೆ ಎಂಜಿನ್ ನಿಂತರೂ ರಿಲೇ ಬಿಡುವುದಿಲ್ಲ, ಎರಡೂ ಅಂಟಿಕೊಂಡೇ ಇರುತ್ತವೆ. ಎರಡನೆಯದು, ಅದು ಸಿಕ್ಕಷ್ಟು ಕರೆಂಟ್ ಎಳೆಯುತ್ತದೆ. ಚಿಕ್ಕ ಔಟ್‌ಬೋರ್ಡ್‌ನ ಚಾರ್ಜಿಂಗ್ ಕಾಯಿಲ್ ಹೊತ್ತುಗಟ್ಟಲೆ ಪೂರ್ತಿ ದುಡಿಯಲು ಮಾಡಿದ್ದಲ್ಲ, ಕಾದು ಕೆಡುತ್ತದೆ. ಮೂರನೆಯದು, ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಏನೋ ಸರಿಯಿಲ್ಲ ಅಂತ ಒಮ್ಮೆಲೇ ಕಡಿದುಹಾಕಿದರೆ, ಓಡುವ ಎಂಜಿನ್‌ನಲ್ಲಿ ಸ್ವಿಚ್ ಆಫ್ ಮಾಡಿದ ಹಾಗೆಯೇ ಆಗುತ್ತದೆ. ಹಾಗಾಗಿ ನಡುವೆ ಡಿಸಿ-ಡಿಸಿ ಚಾರ್ಜರ್ (ಒಂದು ಬ್ಯಾಟರಿಯ ಕಡೆಯಿಂದ ಇನ್ನೊಂದಕ್ಕೆ ಮಿತಿಯಲ್ಲಿ ಕರೆಂಟ್ ಕೊಡುವಂಥದ್ದು) ಬೇಕೇ ಬೇಕು. ದಡದ ಚಾರ್ಜರ್‌ಗೂ ಲಿಥಿಯಂ ಸೆಟ್ಟಿಂಗ್ ಬೇಕು. 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ. ಇದನ್ನೆಲ್ಲ ಮಾಡಲು ತಯಾರಿದ್ದರೆ ಹಾಕಿ, ಚೆನ್ನಾಗಿರುತ್ತದೆ. ಲೆಡ್-ಆಸಿಡ್ ಜೊತೆ ನೇರವಾಗಿ ಬೋತ್‌ನಲ್ಲಿ ಸೇರಿಸುವುದು ಮಾತ್ರ ಬೇಡ.

ನೀರುಕೋಳಿ

ನನ್ನ ದೋಣಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಟ್ಟಿಹಾಕಿಯೇ ಇರುತ್ತದೆ, ನೀರಿನಲ್ಲೇ. ದಡದಲ್ಲಿ ಪ್ಲಗ್ ಇಲ್ಲ. ಮೇನ್ ಸ್ವಿಚ್ ಆಫ್ ಮಾಡಿದರೂ ಬ್ಯಾಟರಿ ಇಳಿಯುತ್ತದೆ. ಏನು ಮಾಡಬಹುದು?

ಚುಕ್ಕಾಣಿ

ಮೇಡಂ, ಸ್ವಿಚ್ ದಾಟಿ ನೇರವಾಗಿ ಬ್ಯಾಟರಿಗೆ ಕಟ್ಟಿದ್ದು ಏನೇನಿದೆ ನೋಡಿ. ದೋಣಿಯ ತಳದ ನೀರು ಹೊರಹಾಕುವ ಬಿಲ್ಜ್ ಪಂಪ್‌ನ ಫ್ಲೋಟ್ ಸ್ವಿಚ್ (ನೀರೇರಿದಾಗ ಪಂಪ್ ಓಡಿಸುವಂಥದ್ದು) ಹಾಗಿರಬೇಕಾದದ್ದೇ, ಅದನ್ನು ಬಿಡಿಸಬೇಡಿ. ದೋಣಿ ನೀರಿನಲ್ಲಿರುವಾಗ ಅದೊಂದೇ ಕಾವಲು. ಸ್ಟೀರಿಯೊದ ಮೆಮೊರಿ ತಂತಿ ಇದ್ದರೆ ಕಿತ್ತುಹಾಕಿ. 30 ಮಿಲಿಆಂಪ್ಸ್ ಎಳೆದರೂ ದಿನಕ್ಕೆ 0.7 ಆಂಪಿಯರ್-ಅವರ್, ತಿಂಗಳಿಗೆ 21 ಆಯಿತು. ಅದರ ಮೇಲೆ ಬ್ಯಾಟರಿ ತಾನಾಗಿ ಇಳಿಯುವುದು ಬೇರೆ.

20 ವ್ಯಾಟ್‌ನ ಸೋಲಾರ್ ಪ್ಯಾನೆಲ್, ಅದಕ್ಕೊಂದು ಕಂಟ್ರೋಲರ್ ಹಾಕಿ. ಒಳ್ಳೆ ಬಿಸಿಲಿಗೆ ಒಂದು ಆಂಪ್‌ನಷ್ಟು ಕೊಡುತ್ತದೆ. ಮೋಡ ಇದ್ದ ದಿನ ಕಡಿಮೆ, ಆದರೂ ಈ ಸಣ್ಣ ಸೋರಿಕೆಗೆ ಸಾಕು. ಪಂಪ್ ದಿನಕ್ಕೆ ಹಲವು ಸಲ ಓಡುತ್ತಿದೆ ಅಂದರೆ ಬ್ಯಾಟರಿಯ ವಿಚಾರ ಬಿಟ್ಟು, ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ.

ಅಲೆಗಾರ

ಎರಡು ಔಟ್‌ಪುಟ್‌ನ ಚಾರ್ಜರ್ ತಂದಾಯಿತು. ವಿಎಸ್‌ಆರ್ ಕೂಡ ಹಾಕುತ್ತಿದ್ದೇನೆ, ಲಂಗರು ಅಣ್ಣ ಬೈದುಕೊಳ್ಳಬಾರದು. ಹಳೇ ಸ್ವಿಚ್ಚೂ ಇರುತ್ತದೆ. ಕೊನೆಯದಾಗಿ ಒಂದು ಪ್ರಶ್ನೆ: ಫ್ಯೂಸ್ ಎಲ್ಲೆಲ್ಲಿ ಬೇಕು?

ಲಂಗರು

ಬೈಯುವುದಿಲ್ಲ ಮಾರಾಯರೇ. ರಿಲೇ ಕೆಟ್ಟ ದಿನ ಸ್ವಿಚ್ ಬೋತ್‌ಗೆ ಹಾಕಿಕೊಂಡು ಬನ್ನಿ.

ತಂತಿಪೆಟ್ಟಿಗೆ

ಬ್ಯಾಟರಿಯ ಪಾಸಿಟಿವ್‌ನಿಂದ ಹೊರಡುವ ಪ್ರತಿ ತಂತಿಗೂ ಫ್ಯೂಸ್ ಬೇಕು. ಎಂಜಿನ್‌ನ ಸ್ಟಾರ್ಟರ್‌ಗೆ ಹೋಗುವ ದಪ್ಪ ತಂತಿಗೆ ಮಾತ್ರ ವಿನಾಯಿತಿ. ಅಮೆರಿಕನ್ ಬೋಟ್ ಆಂಡ್ ಯಾಟ್ ಕೌನ್ಸಿಲ್‌ನ ನಿಯಮದಲ್ಲಿ ಬ್ಯಾಟರಿಯಿಂದ 7 ಇಂಚಿನ ಒಳಗೆ ಫ್ಯೂಸ್ ಇರಬೇಕು ಅಂತಿದೆ, ಅಂದರೆ 18 ಸೆಂಟಿಮೀಟರ್. ತಂತಿಯನ್ನು ಕೊಳವೆಯೊಳಗೆ ಹಾಯಿಸಿದ್ದರೆ ಸ್ವಲ್ಪ ದೂರಕ್ಕೂ ಒಪ್ಪುತ್ತಾರೆ. ವಿಎಸ್‌ಆರ್‌ನಿಂದ ಎರಡೂ ಬ್ಯಾಟರಿಗೆ ತಂತಿ ಹೋಗುತ್ತದೆ, ಹಾಗಾಗಿ ಎರಡೂ ತುದಿಯಲ್ಲಿ ಒಂದೊಂದು. ಚಾರ್ಜರ್ ತಂತಿಗಳಲ್ಲಿ ಹೆಚ್ಚಾಗಿ ಫ್ಯೂಸ್ ಕೂರಿಸಿಯೇ ಕೊಟ್ಟಿರುತ್ತಾರೆ, ಅದು ಬ್ಯಾಟರಿ ಕಡೆಯ ತುದಿಯಲ್ಲಿದೆಯಾ ನೋಡಿಕೊಳ್ಳಿ. ಬಿಲ್ಜ್ ಪಂಪ್‌ಗೆ ಎಷ್ಟು ಆಂಪ್ಸ್ ಫ್ಯೂಸ್ ಅನ್ನುವುದು ಪಂಪ್‌ನ ಮೇಲೆಯೇ ಬರೆದಿರುತ್ತದೆ. ಅದನ್ನೇ ಹಾಕಿ, ಕೈಗೆ ಸಿಕ್ಕಿತು ಅಂತ ದೊಡ್ಡದು ಹಾಕಬೇಡಿ.